ನೀರು ಮತ್ತು ಒಳಚರಂಡಿ ಅಭಿವೃದ್ಧಿ ಶುಲ್ಕ: ಶಿವಮೊಗ್ಗ–ಭದ್ರಾವತಿ ಯೋಜನಾ ಪ್ರದೇಶ

ನೀರು ಮತ್ತು ಒಳಚರಂಡಿ ಅಭಿವೃದ್ಧಿ ಶುಲ್ಕವೆಂದರೆ, ಹೊಸ ಬಡಾವಣೆ ರಚಿಸುವವರಿಂದ ಅಥವಾ ಹೊಸ ಕಟ್ಟಡ ಕಟ್ಟುವವರಿಂದ, ಆ ಬೆಳವಣಿಗೆಯ ಕಾರಣಕ್ಕೆ ಊರಿನ ನೀರು ಸರಬರಾಜು ಮತ್ತು ಮಲಿನ ನೀರಿನ ವಿಲೇವಾರಿ ವ್ಯವಸ್ಥೆಯ ಮೇಲೆ ಬೀಳುವ ಬಂಡವಾಳ ವೆಚ್ಚದ ಒಂದು ಪಾಲನ್ನು, ಅನುಮತಿ ನೀಡುವಾಗ ಅಥವಾ ಸಂಪರ್ಕ ಕೊಡುವಾಗ ಒಂದೇ ಬಾರಿಗೆ ವಸೂಲು ಮಾಡುವ ಹಣ. ತಿಂಗಳು ತಿಂಗಳು ಕಟ್ಟುವ ನೀರಿನ ಕಂದಾಯಕ್ಕೂ ಇದಕ್ಕೂ ವ್ಯತ್ಯಾಸವಿದೆ. ನೀರಿನ ಕಂದಾಯ ಪಂಪಿನ ವಿದ್ಯುತ್ತು, ಆಲಂ, ಕ್ಲೋರಿನ್, ಸಿಬ್ಬಂದಿಯ ಸಂಬಳ ಮುಂತಾದ ನಿರ್ವಹಣಾ ವೆಚ್ಚಕ್ಕೆ ಹೋಗುತ್ತದೆ. ಅಭಿವೃದ್ಧಿ ಶುಲ್ಕ ಜಾಕ್‌ವೆಲ್, ಶುದ್ಧೀಕರಣ ಘಟಕ, ಏರುಕೊಳವೆ, ಮೇಲ್ಮಟ್ಟದ ಜಲಸಂಗ್ರಹಾಗಾರ, ಒಳಚರಂಡಿಯ ಮುಖ್ಯ ಕೊಳವೆ, ವೆಟ್‌ವೆಲ್ ಮತ್ತು ಮಲಿನ ನೀರು ಶುದ್ಧೀಕರಣ ಘಟಕಗಳಂಥ ಸ್ಥಿರಾಸ್ತಿಗೆ ಮೀಸಲು. ಕರ್ನಾಟಕದ ಕಾನೂನಿನಲ್ಲಿ ಈ ಹೆಸರಿನ ಒಂದೇ ಶುಲ್ಕವಿಲ್ಲ. ಉಪಕರ, ಅಧಿಭಾರ, ಠೇವಣಿ, ಸಂಪರ್ಕ ಶುಲ್ಕ ಎಂಬ ಹಲವು ಬಾಬುಗಳಲ್ಲಿ ಅದು ಹಂಚಿಹೋಗಿದೆ. ಶಿವಮೊಗ್ಗ ಮತ್ತು ಭದ್ರಾವತಿ ನಗರಗಳು ಒಂದೇ ನಗರಾಭಿವೃದ್ಧಿ ಪ್ರಾಧಿಕಾರದ ಕೆಳಗಿದ್ದು, ಒಂದು ಬೆಳೆಯುತ್ತಲೂ ಇನ್ನೊಂದು ಕುಗ್ಗುತ್ತಲೂ ಬಂದಿರುವುದರಿಂದ, ಈ ಶುಲ್ಕವನ್ನು ನಿಗದಿಪಡಿಸುವ ರೀತಿ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡಲು ಅನುಕೂಲವಾಗಿವೆ.

ಪರಿಭಾಷೆ

ತೆರಿಗೆ ಎಂದರೆ ಪ್ರತಿಫಲದ ನಿರ್ದಿಷ್ಟ ಭರವಸೆಯಿಲ್ಲದೆ ಸಾರ್ವಜನಿಕ ಬೊಕ್ಕಸಕ್ಕೆ ಕಡ್ಡಾಯವಾಗಿ ಸಲ್ಲಿಸುವ ಹಣ. ಶುಲ್ಕ ಎಂದರೆ ಕೊಟ್ಟವನಿಗೆ ಅಥವಾ ಕೊಟ್ಟವರ ವರ್ಗಕ್ಕೆ ಒದಗಿಸುವ ಸೇವೆಗೆ ಪ್ರತಿಯಾಗಿ ಪಡೆಯುವ ಹಣ. ಈ ಎರಡರ ನಡುವಿನ ಗೆರೆಯನ್ನು ಭಾರತದ ಸುಪ್ರೀಂ ಕೋರ್ಟ್ ಎಳೆದದ್ದು 1954ರಲ್ಲಿ, ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶೀರೂರು ಮಠದ ಪ್ರಕರಣದಲ್ಲಿ. ಧಾರ್ಮಿಕ ದತ್ತಿಗಳ ಮೇಲ್ವಿಚಾರಣೆಗೆಂದು ಅಂದಿನ ಮದ್ರಾಸ್ ಸರ್ಕಾರ ವಿಧಿಸಿದ್ದ ವಂತಿಗೆ ಸೇವೆಯ ವೆಚ್ಚಕ್ಕೆ ಗಂಟುಬಿದ್ದಿಲ್ಲ, ಆದ್ದರಿಂದ ಅದು ತೆರಿಗೆಯೇ ಹೊರತು ಶುಲ್ಕವಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಮಠದ ವ್ಯಾಜ್ಯದಲ್ಲಿ ಹುಟ್ಟಿದ ಈ ಮಾತು ಇಂದಿಗೂ ನಲ್ಲಿ ಮತ್ತು ಚರಂಡಿಯ ಶುಲ್ಕಗಳ ವ್ಯಾಜ್ಯಗಳಲ್ಲಿ ಉದ್ಧೃತವಾಗುತ್ತದೆ. ಮುಂದಿನ ತೀರ್ಪುಗಳು, ಮುಖ್ಯವಾಗಿ 1983ರ ಶ್ರೀನಿವಾಸ ಜನರಲ್ ಟ್ರೇಡರ್ಸ್ ಪ್ರಕರಣ, ಕೊಟ್ಟ ಹಣಕ್ಕೂ ಸಿಕ್ಕ ಸೇವೆಗೂ ಕಾಸಿಗೆ ಕಾಸಿನ ತಾಳೆ ಬೇಕಿಲ್ಲ, ಸ್ಥೂಲವಾದ ಸಂಬಂಧವಿದ್ದರೆ ಸಾಕು ಎಂದು ಬಿಗಿಯನ್ನು ಸಡಿಲಿಸಿದವು.

ಉಪಕರ ಎಂದರೆ ಗೊತ್ತಾದ ಒಂದು ಉದ್ದೇಶಕ್ಕೆಂದು ವಿಧಿಸುವ ಕರ. ಅಧಿಭಾರ ಎಂದರೆ ಮೂಲ ವಿಧಿಕೆಯ ಮೇಲೆ ಹೇರುವ ಹೆಚ್ಚುವರಿ ಮೊತ್ತ. ಸುಧಾರಣಾ ಶುಲ್ಕವು ಸಾರ್ವಜನಿಕ ಕಾಮಗಾರಿಯಿಂದ ಖಾಸಗಿ ಭೂಮಿಯ ಬೆಲೆ ಏರಿದಾಗ ಆ ಏರಿಕೆಯಲ್ಲಿ ಸರ್ಕಾರ ಪಡೆಯುವ ಪಾಲು. ಇದನ್ನು ಅಭಿವೃದ್ಧಿ ಶುಲ್ಕದೊಂದಿಗೆ ಬೆರೆಸುವುದು ಕಚೇರಿಗಳಲ್ಲೂ ಕಂಡುಬರುವ ಗೊಂದಲ. ಸುಧಾರಣಾ ಶುಲ್ಕ ಭೂಮಾಲೀಕನಿಗೆ ಆದ ಲಾಭವನ್ನು ಅಳೆಯುತ್ತದೆ. ಅಭಿವೃದ್ಧಿ ಶುಲ್ಕ ಊರಿಗೆ ಬಿದ್ದ ಖರ್ಚನ್ನು ಅಳೆಯಬೇಕು. ಸಂಪರ್ಕ ಶುಲ್ಕವು ಬೀದಿಯ ಕೊಳವೆಯಿಂದ ಮನೆಯ ಮೀಟರಿನವರೆಗಿನ ಜೋಡಣೆಯ ಖರ್ಚು, ಮತ್ತು ರಸ್ತೆ ಅಗೆತದ ಶುಲ್ಕ ಆ ಜೋಡಣೆಗಾಗಿ ಒಡೆದ ಡಾಂಬರನ್ನು ಸರಿಪಡಿಸುವ ಖರ್ಚು. ಇವೆರಡೂ ಅಭಿವೃದ್ಧಿ ಶುಲ್ಕದ ವ್ಯಾಪ್ತಿಯಿಂದ ಹೊರಗೆ ಉಳಿಯುತ್ತವೆ.

ಉಗಮ

ಊರು ಬೆಳೆಸುವ ಖರ್ಚನ್ನು ಬೆಳವಣಿಗೆಯಿಂದಲೇ ತೆಗೆಯಬೇಕೆಂಬ ವಿಚಾರ ಕನ್ನಡ ನಾಡಿಗೆ ಹೊಸತಲ್ಲ. ಪ್ಲೇಗಿನ ಹಾವಳಿಯ ನಂತರ ಮೈಸೂರು ಸಂಸ್ಥಾನವು 1903ರಲ್ಲಿ ಮೈಸೂರು ನಗರ ಸುಧಾರಣಾ ವಿಶ್ವಸ್ಥ ಮಂಡಳಿಯನ್ನು ಸ್ಥಾಪಿಸಿ, ಹೊಸ ಬಡಾವಣೆಗಳನ್ನು ರಚಿಸುವ ಮತ್ತು ನೈರ್ಮಲ್ಯ ಸುಧಾರಿಸುವ ಕೆಲಸವನ್ನು ಅದಕ್ಕೆ ವಹಿಸಿತು. ಬೆಂಗಳೂರಿಗೆ ಅಂಥದೇ ಮಂಡಳಿ 1945ರಲ್ಲಿ ಬಂತು. ಈ ಮಂಡಳಿಗಳ ಪದ್ಧತಿಯಲ್ಲಿ ನೀರು ಮತ್ತು ಚರಂಡಿಯ ಖರ್ಚು ನಿವೇಶನದ ಬೆಲೆಯೊಳಗೇ ಸೇರಿರುತ್ತಿದ್ದುದರಿಂದ ಪ್ರತ್ಯೇಕ ಶುಲ್ಕದ ಪ್ರಶ್ನೆ ಹೆಚ್ಚಾಗಿ ಏಳುತ್ತಿರಲಿಲ್ಲ. ಖಾಸಗಿಯವರೂ ಗೃಹ ನಿರ್ಮಾಣ ಸಹಕಾರ ಸಂಘಗಳೂ ಬಡಾವಣೆ ರಚನೆಗೆ ಇಳಿದ ಮೇಲೆ, ಬಡಾವಣೆಯೊಳಗಿನ ಕೊಳವೆಯನ್ನು ಅವರು ಹಾಕಿದರೂ ಅದಕ್ಕೆ ನೀರು ತುಂಬಿಸುವ ಹೊರಗಿನ ವ್ಯವಸ್ಥೆಯ ಖರ್ಚು ಯಾರದು ಎಂಬ ಪ್ರಶ್ನೆ ಹುಟ್ಟಿತು.

ಇದೇ ಪ್ರಶ್ನೆಗೆ ಅಮೆರಿಕದಲ್ಲಿ ದೊರೆತ ಉತ್ತರ ಈ ಶುಲ್ಕದ ಸಿದ್ಧಾಂತಕ್ಕೆ ಆಧಾರವಾಯಿತು. ಫ್ಲಾರಿಡಾ ರಾಜ್ಯದ ಡನೀಡನ್ ಎಂಬ ಸಣ್ಣ ಊರು ಹೊಸ ಮನೆಯೊಂದಕ್ಕೆ ನೀರಿಗೆ 325 ಡಾಲರ್, ಒಳಚರಂಡಿಗೆ 375 ಡಾಲರ್ ವಿಧಿಸಿದ್ದನ್ನು ಕಟ್ಟಡ ಗುತ್ತಿಗೆದಾರರ ಸಂಘ ಪ್ರಶ್ನಿಸಿತು. ಆ ರಾಜ್ಯದ ಸುಪ್ರೀಂ ಕೋರ್ಟ್ 1976ರಲ್ಲಿ, ಹೊಸಬರಿಗಾಗಿ ವ್ಯವಸ್ಥೆಯನ್ನು ಹಿಗ್ಗಿಸುವ ಖರ್ಚಿನಲ್ಲಿ ಅವರವರ ಪಾಲನ್ನು ಅವರಿಂದ ಪಡೆಯುವುದು ತಪ್ಪಲ್ಲ ಎಂದು ತತ್ತ್ವವನ್ನು ಒಪ್ಪಿತಾದರೂ, ಹಣವನ್ನು ಆ ಕೆಲಸಕ್ಕೇ ಖರ್ಚು ಮಾಡಬೇಕೆಂಬ ಕಟ್ಟು ನಿಯಮದಲ್ಲಿಲ್ಲವೆಂಬ ಕಾರಣಕ್ಕೆ ಆ ವಸೂಲಿಯನ್ನು ಎತ್ತಿಹಿಡಿಯಲಿಲ್ಲ. ದರ ಹೆಚ್ಚೆಂಬ ಕಾರಣಕ್ಕಲ್ಲ, ಹಣದ ಪೆಟ್ಟಿಗೆ ಬೇರೆ ಇಡಲಿಲ್ಲವೆಂಬ ಕಾರಣಕ್ಕೆ ಶುಲ್ಕ ಬಿದ್ದದ್ದು ಗಮನಾರ್ಹ. 1987ರಲ್ಲಿ ಟೆಕ್ಸಸ್ ಈ ಶುಲ್ಕಕ್ಕೆಂದೇ ಕಾಯಿದೆ ಮಾಡಿ, 10 ವರ್ಷದೊಳಗೆ ಖರ್ಚಾಗದ ಹಣವನ್ನು ಹಿಂದಿರುಗಿಸಬೇಕೆಂಬ ನಿಯಮ ತಂದಿತು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶೀಟ್ಜ್ ಪ್ರಕರಣದಲ್ಲಿ, ಶಾಸನದ ಮೂಲಕ ಗೊತ್ತುಮಾಡಿದ ದರಪಟ್ಟಿಯೂ ಬೆಳವಣಿಗೆಯ ಪರಿಣಾಮದೊಂದಿಗೆ ಶುಲ್ಕಕ್ಕೆ ಸಂಬಂಧವಿದೆಯೇ, ಮೊತ್ತ ಅದರ ಪ್ರಮಾಣಕ್ಕೆ ತಕ್ಕದ್ದೇ ಎಂಬ ಪರೀಕ್ಷೆಯಿಂದ ತಾನಾಗಿಯೇ ಹೊರತಾಗುವುದಿಲ್ಲ ಎಂದು ಹೇಳಿತು.

ಕರ್ನಾಟಕದ ಕಾನೂನು ಚೌಕಟ್ಟು

ರಾಜ್ಯದಲ್ಲಿ ಈ ವಸೂಲಿಗೆ ಮುಖ್ಯ ಆಧಾರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1961ರ 18-ಎ ಪ್ರಕರಣ. ಭೂಮಿ ಅಥವಾ ಕಟ್ಟಡದ ಅಭಿವೃದ್ಧಿಗೆ ಅನುಮತಿ ನೀಡುವಾಗ ಯೋಜನಾ ಪ್ರಾಧಿಕಾರವು ನೀರು ಸರಬರಾಜು ಯೋಜನೆಗೆ ಉಪಕರ, ವರ್ತುಲ ರಸ್ತೆಗೆ ಅಧಿಭಾರ, ಕೊಳಚೆ ಪ್ರದೇಶಗಳ ಸುಧಾರಣೆಗೆ ಉಪಕರ, ಸಮೂಹ ಸಾರಿಗೆ ವ್ಯವಸ್ಥೆಗೆ ಅಧಿಭಾರ ಎಂಬ ನಾಲ್ಕು ಬಾಬುಗಳಲ್ಲಿ ಹಣ ಪಡೆಯಬಹುದೆಂದೂ, ದರವು ಭೂಮಿ ಅಥವಾ ಕಟ್ಟಡದ ಮಾರುಕಟ್ಟೆ ಬೆಲೆಯ ಹತ್ತನೇ ಒಂದು ಭಾಗವನ್ನು ಮೀರಬಾರದೆಂದೂ ಅದು ಹೇಳುತ್ತದೆ. ಇಲ್ಲಿ ಎರಡು ಸಂಗತಿಗಳನ್ನು ಗುರುತಿಸಬೇಕು. ಮೊದಲನೆಯದು, ಪಟ್ಟಿಯಲ್ಲಿ ನೀರಿದೆ, ಒಳಚರಂಡಿ ಇಲ್ಲ. ಎರಡನೆಯದು, ಅಳತೆಗೋಲು ಬೆಲೆ. ಬಳಕೆಯ ಲೀಟರ್ ಅಲ್ಲ. ಇದರ ಪರಿಣಾಮವನ್ನು ಲೆಕ್ಕಾಚಾರದ ಭಾಗದಲ್ಲಿ ವಿವರಿಸಿದೆ.

ಬಡಾವಣೆಗಳ ಮಟ್ಟಿಗೆ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯಿದೆ, 1987ರ 32ನೆಯ ಪ್ರಕರಣವೂ ಅನ್ವಯಿಸುತ್ತದೆ. ಬಡಾವಣೆ ರಚಿಸುವವರು ರಸ್ತೆ, ಚರಂಡಿ, ನೀರು, ಬೀದಿದೀಪಗಳ ಏರ್ಪಾಡನ್ನು ಮಾಡಬೇಕು ಅಥವಾ ಅದರ ಖರ್ಚನ್ನು ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು ಎಂಬುದು ಇದರ ಸಾರ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯಿದೆ, 1976ರ 32(5-ಎ) ಉಪಪ್ರಕರಣ ಒಂದು ಹೆಜ್ಜೆ ಮುಂದೆ ಹೋಗಿ, ಬಡಾವಣೆಯ ಹೊರಗಿನ ನೀರು, ವಿದ್ಯುತ್, ರಸ್ತೆ, ಸಾರಿಗೆ ಯೋಜನೆಗಳ ವೆಚ್ಚದ ಒಂದು ಭಾಗವನ್ನೂ ಕೇಳುವ ಅಧಿಕಾರ ಕೊಟ್ಟಿತು. ಕಾವೇರಿ ನೀರಿನ ಯೋಜನೆಯ ನಾಲ್ಕನೇ ಹಂತದ ಹೆಸರಿನಲ್ಲಿ ಎಕರೆಗೆ ಇಷ್ಟು ರೂಪಾಯಿ ಎಂದು ಕೇಳಿದಾಗ ಗೃಹ ನಿರ್ಮಾಣ ಸಹಕಾರ ಸಂಘಗಳು ನ್ಯಾಯಾಲಯಕ್ಕೆ ಹೋದವು. ಹೈಕೋರ್ಟು ಉಪಪ್ರಕರಣವನ್ನು ಅಸಿಂಧುವೆಂದು ಸಾರಿತ್ತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಏರ್‌ಕ್ರಾಫ್ಟ್ ಎಂಪ್ಲಾಯೀಸ್ ಸಹಕಾರ ಸಂಘದ ಪ್ರಕರಣದಲ್ಲಿ ಅದರ ಸಿಂಧುತ್ವವನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ ಬಡಾವಣೆಯ ಹೊರಗಿನ ನೀರಿನ ಯೋಜನೆಯ ಪಾಲನ್ನು ಕೇಳುವ ಅಧಿಕಾರದ ಬಗ್ಗೆ ಇದು ಪ್ರಮುಖ ತೀರ್ಪು. ಬೆಂಗಳೂರು ಜಲಮಂಡಳಿಯು ಬಹುಮಹಡಿ ಕಟ್ಟಡಗಳಿಂದ ಪಡೆಯುವ ಪ್ರೊರೇಟಾ ಶುಲ್ಕ, ಮತ್ತು ಹೊರವಲಯದ ಮನೆಗಳಿಂದ ಪಡೆದ ಫಲಾನುಭವಿ ಬಂಡವಾಳ ವಂತಿಗೆ ಇದೇ ಜಾತಿಯ ಬೇರೆ ವಸೂಲಿಗಳು.

ಸಂವಿಧಾನದ 265ನೆಯ ವಿಧಿಯಂತೆ ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ. ಆದ್ದರಿಂದ ಸ್ಥಳೀಯ ಸಂಸ್ಥೆಯೊಂದು ಕೇವಲ ತನ್ನ ನಿರ್ಣಯದ ಬಲದಿಂದ ದೊಡ್ಡ ಮೊತ್ತದ ವಂತಿಗೆಯನ್ನು ಹೊಸ ಮನೆಗಳ ಮೇಲೆ ಹೇರಲು ಹೊರಟರೆ ಅದು ನಿಲ್ಲುವುದು ಕಷ್ಟ. 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದು ನೀರು ಸರಬರಾಜನ್ನು ಹನ್ನೆರಡನೆಯ ಅನುಸೂಚಿಯ ಮೂಲಕ ನಗರ ಸಂಸ್ಥೆಗಳ ವಿಷಯವಾಗಿ ಗುರುತಿಸಿದೆಯಾದರೂ, ಶುಲ್ಕದ ಅಧಿಕಾರ ರಾಜ್ಯ ಶಾಸನ ಎಷ್ಟು ಕೊಟ್ಟಿದೆಯೋ ಅಷ್ಟೇ.

ಯೋಜನಾ ಪ್ರದೇಶ ಮತ್ತು ಸಂಸ್ಥೆಗಳು

ಶಿವಮೊಗ್ಗ ನಗರ ತುಂಗಾ ನದಿಯ ದಡದಲ್ಲಿದೆ. ಊರಿನ ಹಳೆಯ ಭಾಗ ಒಂದು ದಡದಲ್ಲೂ, ಭದ್ರಾವತಿಯ ಕಡೆಗೆ ಹೋಗುವ ದಾರಿಯ ವಿದ್ಯಾನಗರ ಸೇತುವೆಯ ಆಚೆಯ ದಡದಲ್ಲೂ ಇವೆ. ಗಾಜನೂರಿನ ತುಂಗಾ ಅಣೆಕಟ್ಟು ನಗರದ ಮೇಲ್ಭಾಗದಲ್ಲಿದ್ದು, ಮಂಡ್ಲಿಯ ಕೃಷ್ಣರಾಜೇಂದ್ರ ನೀರು ಸರಬರಾಜು ಕೇಂದ್ರದಲ್ಲಿ ತುಂಗೆಯ ನೀರು ಶುದ್ಧವಾಗಿ ಊರಿಗೆ ಹರಿಯುತ್ತದೆ. ಭದ್ರಾವತಿ ಭದ್ರಾ ನದಿಯ ಮೇಲಿನ ಊರು. ಲಕ್ಕವಳ್ಳಿಯ ಭದ್ರಾ ಜಲಾಶಯ ಅದಕ್ಕಿಂತ ಮೇಲೆ. ಎರಡೂ ನದಿಗಳು ಶಿವಮೊಗ್ಗದ ಹತ್ತಿರದ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಹೀಗಾಗಿ ಎರಡು ಊರುಗಳು ನೀರೆತ್ತುವುದು ಬೇರೆ ಬೇರೆ ನದಿಗಳಿಂದ, ಆದರೆ ಎರಡರ ಮಲಿನ ನೀರೂ ಸೇರಬಹುದಾದ ಜಾಗ ಒಂದೇ.

2001ರ ಮತ್ತು 2011ರ ಜನಗಣತಿಗಳ ನಡುವೆ ಶಿವಮೊಗ್ಗದ ಜನಸಂಖ್ಯೆ ಸುಮಾರು 2.74 ಲಕ್ಷದಿಂದ 3.22 ಲಕ್ಷಕ್ಕೆ ಏರಿತು. ಭದ್ರಾವತಿಯದು ಸುಮಾರು 1.60 ಲಕ್ಷದಿಂದ 1.51 ಲಕ್ಷಕ್ಕೆ ಇಳಿಯಿತು. ಭದ್ರಾವತಿಯ ಇಳಿಕೆಯ ಹಿಂದೆ ಎರಡು ಕಾರ್ಖಾನೆಗಳ ಕಥೆಯಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ, ಮುಂದೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯೆಂದು ಹೆಸರಾಗಿ, 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು; 2023ರ ಆರಂಭದಲ್ಲಿ ಅದನ್ನು ಮುಚ್ಚುವ ತೀರ್ಮಾನ ಪ್ರಕಟವಾಯಿತು. 1930ರ ದಶಕದಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆ 2015ರಿಂದ ಉತ್ಪಾದನೆ ನಿಲ್ಲಿಸಿದೆ. ನ್ಯೂಟೌನ್ ಮತ್ತು ಪೇಪರ್‌ಟೌನ್ ಎಂದು ಜನ ಕರೆಯುವ ಈ ಕಾರ್ಖಾನೆಗಳ ವಸತಿ ಪ್ರದೇಶಗಳಿಗೆ ನೀರು, ಚರಂಡಿ, ದೀಪಗಳ ಜವಾಬ್ದಾರಿ ಹೆಚ್ಚಾಗಿ ಕಾರ್ಖಾನೆಯದೇ ಆಗಿತ್ತು. ಅಂದರೆ ಊರಿನ ದೊಡ್ಡದೊಂದು ಭಾಗ ಬೆಳೆದದ್ದು ಅಭಿವೃದ್ಧಿ ಶುಲ್ಕದ ಪ್ರಶ್ನೆಯೇ ಏಳದ ವ್ಯವಸ್ಥೆಯಲ್ಲಿ. ಬಡಾವಣೆ ಕಟ್ಟಿದವನೂ ನೀರು ಕೊಟ್ಟವನೂ ಒಬ್ಬನೇ.

ಈ ಪ್ರದೇಶದಲ್ಲಿ ಶುಲ್ಕಕ್ಕೆ ಸಂಬಂಧಿಸಿದ ಕೆಲಸ ನಾಲ್ಕು ಕೈಗಳಲ್ಲಿದೆ. ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಬಳಕೆಯ ಮಾತಿನ ಸೂಡಾ, ಮಹಾಯೋಜನೆ ತಯಾರಿಸುತ್ತದೆ, ಬಡಾವಣೆಯ ನಕ್ಷೆ ಅನುಮೋದಿಸುತ್ತದೆ ಮತ್ತು ಆ ಹೊತ್ತಿನ ಶುಲ್ಕ, ಉಪಕರಗಳನ್ನು ಪಡೆಯುತ್ತದೆ. ಶಿವಮೊಗ್ಗ ಮಹಾನಗರಪಾಲಿಕೆ ಮತ್ತು ಭದ್ರಾವತಿ ನಗರಸಭೆ ಕಟ್ಟಡ ಪರವಾನಗಿ, ಖಾತೆ ಹಾಗೂ ಆಸ್ತಿ ತೆರಿಗೆ ನೋಡಿಕೊಳ್ಳುತ್ತವೆ. 1973ರ ಕಾಯಿದೆಯಂತೆ ರಚಿತವಾದ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ದೊಡ್ಡ ಕಾಮಗಾರಿಗಳನ್ನು ನಿರ್ಮಿಸುತ್ತದೆ. ಶಿವಮೊಗ್ಗದಲ್ಲಿ ನೀರು ಸರಬರಾಜಿನ ನಿರ್ವಹಣೆಯೂ ಅದರದೇ. ಊರಿನ ಅಂಚಿನ ನಿದಿಗೆಯಂಥ ಕಡೆಗಳಲ್ಲಿ ಗ್ರಾಮ ಪಂಚಾಯಿತಿಗಳು 1993ರ ಪಂಚಾಯತ್ ರಾಜ್ ಕಾಯಿದೆಯ ಕೆಳಗೆ ತಮ್ಮದೇ ದರಗಳನ್ನು ಹೊಂದಿರುತ್ತವೆ. ಉಪಕರ ಪಡೆಯುವ ಕೈ ಒಂದು, ಕೊಳವೆ ಹಾಕುವ ಕೈ ಇನ್ನೊಂದು, ಶಿವಮೊಗ್ಗ ಬಿಟ್ಟರೆ ದಿನವೂ ವಾಲ್ವ್ ತಿರುಗಿಸುವ ಕೈ ಮತ್ತೊಂದು ಆಗಿರುವುದು ಈ ಏರ್ಪಾಡಿನ ಮೂಲ ಲಕ್ಷಣ.

ಲೆಕ್ಕಾಚಾರ

ಶಾಸ್ತ್ರೀಯ ಕ್ರಮದಲ್ಲಿ ಶುಲ್ಕದ ಲೆಕ್ಕ ಹೊಸ ಮನೆಯೊಂದಕ್ಕೆ ಬೇಕಾದ ನೀರಿನಿಂದ ಶುರುವಾಗುತ್ತದೆ. ಒಳಚರಂಡಿ ಇರುವ ಅಥವಾ ಯೋಜಿತವಾಗಿರುವ ನಗರಗಳಿಗೆ ಕೇಂದ್ರ ಸರ್ಕಾರದ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಕೈಪಿಡಿ ಹೇಳುವ ಪ್ರಮಾಣ ತಲೆಗೆ ದಿನಕ್ಕೆ 135 ಲೀಟರ್. ಅದರಲ್ಲಿ ಸುಮಾರು ಶೇ. 80ರಷ್ಟು ಮಲಿನ ನೀರಾಗಿ ಹಿಂದಿರುಗುತ್ತದೆಂದು ಎಣಿಸಲಾಗುತ್ತದೆ. ಹಾದಿಯಲ್ಲಿ ಸೋರಿಹೋಗುವುದಕ್ಕೆ ಶೇ. 15ರವರೆಗೆ ಅವಕಾಶವಿದೆ. ಐದು ಜನರ ಮನೆಗೆ ಹೀಗೆ ದಿನಕ್ಕೆ 675 ಲೀಟರ್ ನಲ್ಲಿಯಲ್ಲಿ ಬರಬೇಕು. ಸೋರಿಕೆ ಕಳೆದು ಅಷ್ಟು ಉಳಿಯಬೇಕಾದರೆ ಶುದ್ಧೀಕರಣ ಘಟಕದಿಂದ ಸುಮಾರು 794 ಲೀಟರ್ ಹೊರಡಬೇಕು. ಚರಂಡಿಗೆ 540 ಲೀಟರ್ ಬೀಳುತ್ತದೆ.

ಇದನ್ನು ಭೂಮಿಯ ಅಳತೆಗೆ ತಂದು ನೋಡಬಹುದು. ಒಂದು ಎಕರೆಯೆಂದರೆ 43,560 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಟ್ಟು ಶೇ. 55ರಷ್ಟು ನಿವೇಶನಕ್ಕೆ ಸಿಕ್ಕಿತೆಂದುಕೊಂಡರೆ 23,958 ಚದರಡಿ, ಅಂದರೆ ಮೂವತ್ತು–ನಲವತ್ತರ ಸುಮಾರು 20 ನಿವೇಶನಗಳು. ಮನೆಗೊಂದು ಕುಟುಂಬವಾದರೆ 100 ಜನ, ದಿನಕ್ಕೆ 13,500 ಲೀಟರ್ ನೀರು, 10,800 ಲೀಟರ್ ಮಲಿನ ನೀರು. ಅದೇ ಎಕರೆಯಲ್ಲಿ 80 ಮನೆಗಳ ಅಪಾರ್ಟ್‌ಮೆಂಟ್ ಎದ್ದರೆ ನೀರು 54,000 ಲೀಟರಿಗೆ ಏರುತ್ತದೆ. ಶುಲ್ಕವನ್ನು ಎಕರೆಯ ಮೇಲೆ ವಿಧಿಸಿದರೆ ಇಬ್ಬರಿಗೂ ಒಂದೇ ಮೊತ್ತ. ಲೀಟರಿನ ಮೇಲೆ ವಿಧಿಸಿದರೆ ಒಂದಕ್ಕೆ ನಾಲ್ಕು.

ಬೆಲೆಯ ಮೇಲೆ ವಿಧಿಸುವ 18-ಎ ಉಪಕರದ ಸ್ಥಿತಿ ಇನ್ನೂ ವಿಚಿತ್ರ. ಶಿವಮೊಗ್ಗದ ದುರ್ಗಿಗುಡಿ ಅಥವಾ ನೆಹರೂ ರಸ್ತೆಯ ಬದಿಯ ನಿವೇಶನಕ್ಕೆ ಮಾರ್ಗಸೂಚಿ ಬೆಲೆ ಹೆಚ್ಚು. ಅಲ್ಲಿ ಕೊಳವೆಯೂ ಒಳಚರಂಡಿಯೂ ಮುಂಚೆಯೇ ಇರುವುದರಿಂದ ಹೊಸ ಕಟ್ಟಡಕ್ಕಾಗಿ ಊರು ಮಾಡಬೇಕಾದ ಹೊಸ ಖರ್ಚು ಕಡಿಮೆ. ಸೋಮಿನಕೊಪ್ಪದ ಕಡೆಯ ಹೊಸ ಬಡಾವಣೆಯಲ್ಲಿ ಬೆಲೆ ಕಡಿಮೆ. ಆದರೆ ಅಲ್ಲಿಗೆ ಏರುಕೊಳವೆ ಎಳೆಯಬೇಕು, ಟ್ಯಾಂಕು ಕಟ್ಟಬೇಕು, ತಗ್ಗಿನಲ್ಲಿ ವೆಟ್‌ವೆಲ್ ಕೂರಿಸಿ ಮಲಿನ ನೀರನ್ನು ಮೇಲೆತ್ತಬೇಕು. ಖರ್ಚು ಹೆಚ್ಚಿಸುವವನು ಕಡಿಮೆಯನ್ನೂ, ಖರ್ಚು ತಗ್ಗಿಸುವವನು ಹೆಚ್ಚನ್ನೂ ಕೊಡುವ ಈ ತಿರುವುಮುರುವು ದರದ ಏರಿಳಿತದಿಂದ ಹುಟ್ಟಿದ್ದಲ್ಲ, ಅಳತೆಗೋಲಿನ ಆಯ್ಕೆಯಿಂದ ಹುಟ್ಟಿದ್ದು. ಆದ್ದರಿಂದ ದರ ಪರಿಷ್ಕರಣೆಯಿಂದ ಅದು ನೀಗುವಂಥದಲ್ಲ.

ಮನೆಯಲ್ಲದ ಕಟ್ಟಡಗಳಿಗೆ ತಲೆಲೆಕ್ಕ ಒಗ್ಗುವುದಿಲ್ಲ. ಕಲ್ಯಾಣ ಮಂಟಪ, ಹೋಟೆಲು, ಹಾಸ್ಟೆಲು, ನರ್ಸಿಂಗ್ ಹೋಮುಗಳನ್ನು ಒಂದು ಮನೆಯ ಎಷ್ಟು ಪಟ್ಟು ಎಂದು ಅಳೆಯಲು ಸಮಾನ ಗೃಹಮಾನ ಎಂಬ ಘಟಕವನ್ನು ಬಳಸಲಾಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಮೀಟರಿನ ಗಾತ್ರವೇ ಆಧಾರ: ಅತಿ ಚಿಕ್ಕ ಮನೆಮೀಟರನ್ನು 1 ಎಂದು ಹಿಡಿದರೆ ಒಂದು ಇಂಚಿನ ಮೀಟರು 2.5, ಒಂದೂವರೆ ಇಂಚಿನದು 5, ಎರಡು ಇಂಚಿನದು 8. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ, ಪ್ರತಿ ಮನೆಯಲ್ಲೂ ಸಂಪು ಮತ್ತು ಮೋಟಾರು ಇರುವ ಊರುಗಳಲ್ಲಿ ಕೊಳವೆಯ ಗಾತ್ರ ಬಳಕೆಯನ್ನು ಅಷ್ಟು ನಂಬಿಕೆಯಿಂದ ಹೇಳುವುದಿಲ್ಲ. ಅಲ್ಲಿ ಕಟ್ಟಡದ ವಿಸ್ತೀರ್ಣ ಮತ್ತು ಬಳಕೆಯ ಬಗೆಯನ್ನು ಸೇರಿಸಿ ನೋಡಬೇಕಾಗುತ್ತದೆ.

ದರ ನಿಗದಿಯ ವಿಧಾನಗಳು

ವೆಚ್ಚವನ್ನು ಹಂಚುವುದಕ್ಕೆ ಮೂರು ವಿಧಾನಗಳು ಬಳಕೆಯಲ್ಲಿವೆ. ಪಾಲುಖರೀದಿ ವಿಧಾನದಲ್ಲಿ ಈಗಾಗಲೇ ಕಟ್ಟಿ ನಿಲ್ಲಿಸಿದ, ಇನ್ನೂ ಸಾಮರ್ಥ್ಯ ಉಳಿದಿರುವ ವ್ಯವಸ್ಥೆಯ ಮೌಲ್ಯವನ್ನು ಅದರ ಒಟ್ಟು ಸಾಮರ್ಥ್ಯದಿಂದ ಭಾಗಿಸಿ, ಹೊಸಬ ಬಳಸುವಷ್ಟರ ಪಾಲನ್ನು ಅವನಿಂದ ಪಡೆಯಲಾಗುತ್ತದೆ. ಹಳಬರು ಮೊದಲೇ ಹೊತ್ತ ಭಾರವನ್ನು ಅವನೂ ಹೊರುವಂತೆ ಮಾಡುವುದು ಇದರ ಆಶಯ. ವೃದ್ಧಿವೆಚ್ಚ ವಿಧಾನದಲ್ಲಿ ಮುಂದೆ ಕಟ್ಟಬೇಕಾದ ಘಟಕಗಳ ಅಂದಾಜು ವೆಚ್ಚವನ್ನು ಅವು ಸೇರಿಸುವ ಸಾಮರ್ಥ್ಯದಿಂದ ಭಾಗಿಸಲಾಗುತ್ತದೆ. ಮೂರನೆಯದು ಇವೆರಡರ ಮಿಶ್ರಣ.

ಭದ್ರಾವತಿಯಂಥ, ಜನಸಂಖ್ಯೆ ಇಳಿದು ಹಳೆಯ ಸಾಮರ್ಥ್ಯ ಬಿಡುವಾಗಿರಬಹುದಾದ ಊರಿಗೆ ಪಾಲುಖರೀದಿ ವಿಧಾನ ಹೊಂದುತ್ತದೆ. ಅಲ್ಲಿ ವೃದ್ಧಿವೆಚ್ಚದ ಹೆಸರಿನಲ್ಲಿ ದೊಡ್ಡ ದರ ಹಾಕಿದರೆ, ಕಟ್ಟದ ಘಟಕಕ್ಕೆ ಹಣ ಪಡೆದಂತಾಗುತ್ತದೆ. ನವುಲೆ, ಮಲ್ಲಿಗೇನಹಳ್ಳಿ, ಗಾಡಿಕೊಪ್ಪಗಳ ಕಡೆಗೆ ಹರಡುತ್ತಿರುವ ಶಿವಮೊಗ್ಗಕ್ಕೆ ವೃದ್ಧಿವೆಚ್ಚ ಅಥವಾ ಮಿಶ್ರ ವಿಧಾನವೇ ಸರಿ. ಎರಡೂ ಊರುಗಳಿಗೆ ಒಂದೇ ಪ್ರಾಧಿಕಾರವೆಂಬ ಕಾರಣಕ್ಕೆ ಒಂದೇ ದರ ಇರಬೇಕೆಂಬ ನಿಯಮ ಶುಲ್ಕದ ತತ್ತ್ವದಲ್ಲಿಲ್ಲ. ಸೇವಾ ವಲಯಗಳನ್ನು ಗುರುತಿಸಿ ವಲಯಕ್ಕೊಂದು ದರ ಇಡುವುದು ಬೇರೆಡೆ ರೂಢಿಯಲ್ಲಿದೆ.

ಕ್ರಮವನ್ನು ತೋರಿಸಲು ಕಲ್ಪಿತ ಅಂಕಿಗಳ ಉದಾಹರಣೆಯೊಂದು ಸಾಕು. ದಿನಕ್ಕೆ 1 ಕೋಟಿ ಲೀಟರ್ ಶುದ್ಧೀಕರಿಸಿ ಮುಟ್ಟಿಸುವ ಹೊಸ ವ್ಯವಸ್ಥೆಗೆ 30 ಕೋಟಿ ರೂಪಾಯಿ ಖರ್ಚು ಎಂದಾದರೆ, ಲೀಟರಿಗೆ 30 ರೂಪಾಯಿ. ಮನೆಯೊಂದಕ್ಕೆ ಬೇಕಾದ 794 ಲೀಟರಿಗೆ 23,820 ರೂಪಾಯಿ. ಆ ವೆಚ್ಚದಲ್ಲಿ ಅರ್ಧ ಸರ್ಕಾರದ ಅನುದಾನವಾಗಿದ್ದರೆ ಶುಲ್ಕ 11,910 ರೂಪಾಯಿಗೆ ಇಳಿಯಬೇಕು. ಸಾಲ ಮಾಡಿ ಕಟ್ಟಿದ್ದು, ಅದರ ಕಂತು ಮುಂದೆ ನೀರಿನ ಕಂದಾಯದಿಂದ ತೀರುವುದಾದರೆ, ಹೊಸ ಮನೆಯವನು ಕಂದಾಯದ ಮೂಲಕ ಕೊಡಲಿರುವ ಪಾಲನ್ನೂ ಕಳೆಯಬೇಕು. ಇಲ್ಲವಾದರೆ ಅವನು ಒಂದೇ ಟ್ಯಾಂಕಿಗೆ ಎರಡು ಬಾರಿ ಹಣ ಕೊಟ್ಟಂತೆ. ಹಳೆಯ ಬಡಾವಣೆಗಳ ಸೋರುವ ಕೊಳವೆ ಬದಲಿಸುವ ಖರ್ಚನ್ನು ಈ ಲೆಕ್ಕದೊಳಗೆ ತರುವಂತಿಲ್ಲ, ಏಕೆಂದರೆ ಆ ಕೊರತೆಯನ್ನು ಹುಟ್ಟಿಸಿದವರು ಹೊಸಬರಲ್ಲ.

ಅನುದಾನ ಕಳೆಯುವ ಹೆಜ್ಜೆ ಈ ಎರಡು ಊರುಗಳಲ್ಲಿ ಕಡೆಗಣಿಸುವಂಥದಲ್ಲ. ಎರಡೂ 2015ರ ಅಮೃತ್ ಯೋಜನೆಯ ನಗರಗಳು. 2021ರ ಅಕ್ಟೋಬರಿನಲ್ಲಿ ಆರಂಭವಾದ ಅಮೃತ್ 2.0ರಲ್ಲಿ 1ರಿಂದ 10 ಲಕ್ಷ ಜನಸಂಖ್ಯೆಯ ನಗರಗಳ ಯೋಜನಾ ವೆಚ್ಚಕ್ಕೆ ಕೇಂದ್ರ ಸರ್ಕಾರದ ನೆರವು ಮೂರನೇ ಒಂದು ಪಾಲು. ಶಿವಮೊಗ್ಗ 2016ರ ಸೆಪ್ಟೆಂಬರಿನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೂ ಸೇರಿತು. ಬಂಡವಾಳದ ದೊಡ್ಡ ಭಾಗ ಮೇಲಿನಿಂದ ಬರುವ ವ್ಯವಸ್ಥೆಯಲ್ಲಿ ಸ್ಥಳೀಯ ಶುಲ್ಕದ ಲೆಕ್ಕವನ್ನು ನಿಖರವಾಗಿ ಮಾಡುವ ಒತ್ತಡ ಯಾರ ಮೇಲೂ ಬೀಳದಿರುವುದು ಸಹಜ.

ವಸೂಲಿ ಮತ್ತು ವಿನಿಯೋಗ

ಶುಲ್ಕ ಕೇಳಬಹುದಾದ ಗಳಿಗೆಗಳು ಮೂರು: ಬಡಾವಣೆಯ ನಕ್ಷೆ ಅನುಮೋದನೆ, ಕಟ್ಟಡ ಪರವಾನಗಿ, ನಲ್ಲಿ ಮತ್ತು ಒಳಚರಂಡಿ ಸಂಪರ್ಕ. ಮೊದಲ ಗಳಿಗೆಯಲ್ಲಿ ಪಡೆದರೆ ಕಾಮಗಾರಿಗೆ ಹಣ ಮುಂಚಿತವಾಗಿ ಸಿಗುತ್ತದೆ. ಆದರೆ ನಿವೇಶನಗಳು ಹತ್ತಾರು ವರ್ಷ ಖಾಲಿ ಬಿದ್ದಿರುವ ಬಡಾವಣೆಗಳಲ್ಲಿ ಆ ಹಣಕ್ಕೆ ತಕ್ಕ ಬಳಕೆ ಬಹಳ ತಡವಾಗಿ ಬರುತ್ತದೆ. ಕೊನೆಯ ಗಳಿಗೆಯಲ್ಲಿ ಪಡೆದರೆ ಬಳಕೆಯ ಅಂದಾಜು ಖಚಿತ, ಆದರೆ ಹೊರೆ ಬಡಾವಣೆ ಕಟ್ಟಿದವನಿಂದ ಮನೆ ಕಟ್ಟಿಕೊಂಡವನಿಗೆ ನೇರವಾಗಿ ವರ್ಗವಾಗುತ್ತದೆ.

ಅನುಮೋದಿತ ಖಾಸಗಿ ಬಡಾವಣೆಯ ಕೆಲಸ ಸಾಮಾನ್ಯವಾಗಿ ಈ ಕ್ರಮದಲ್ಲಿ ಸಾಗುತ್ತದೆ. ಕರ್ನಾಟಕ ಭೂಕಂದಾಯ ಕಾಯಿದೆ, 1964ರ 95ನೆಯ ಪ್ರಕರಣದಂತೆ ಕೃಷಿಭೂಮಿಯ ಪರಿವರ್ತನೆಯಾದ ಮೇಲೆ, 1961ರ ಕಾಯಿದೆಯ 17ನೆಯ ಪ್ರಕರಣದಂತೆ ಪ್ರಾಧಿಕಾರದಿಂದ ವಿನ್ಯಾಸಕ್ಕೆ ಮಂಜೂರಾತಿ ಪಡೆಯಬೇಕು. ಬೇಡಿಕೆ ಪತ್ರದಲ್ಲಿ ಪರಿಶೀಲನಾ ಶುಲ್ಕ, ಉಪಕರಗಳು, ಕೆರೆ ಅಭಿವೃದ್ಧಿ ಶುಲ್ಕ ಮುಂತಾದವು ಸಾಲಾಗಿ ಬರುತ್ತವೆ. ಬಡಾವಣೆಯವರು ಬೋರ್‌ವೆಲ್ ಕೊರೆಸಿ, ಟ್ಯಾಂಕು ಕಟ್ಟಿ, ಬೀದಿಯ ಕೊಳವೆ ಹಾಗೂ ಮ್ಯಾನ್‌ಹೋಲುಗಳ ಸಾಲು ಮುಗಿಸಿದಂತೆಲ್ಲ ನಿವೇಶನಗಳು ಹಂತ ಹಂತವಾಗಿ ಮಾರಾಟಕ್ಕೆ ಬಿಡುಗಡೆಯಾಗುತ್ತವೆ. ಕೊನೆಗೆ ರಸ್ತೆ, ಉದ್ಯಾನ, ಕೊಳವೆ ಎಲ್ಲವೂ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಬೇಕು. ಒಳಚರಂಡಿಯ ಮಟ್ಟಿಗೆ ತೊಡಕು ಏಳುವುದು ಇಲ್ಲಿಯೇ: ಬಡಾವಣೆಯೊಳಗಿನ ಮ್ಯಾನ್‌ಹೋಲುಗಳ ಸಾಲು ಕೊನೆಯದೊಂದು ಗುಂಡಿಯಲ್ಲಿ ಮುಗಿದು, ಅಲ್ಲಿಂದ ನಗರದ ಮುಖ್ಯ ಕೊಳವೆಯವರೆಗಿನ ತುಂಡು ಹಾಕುವವರಿಲ್ಲದಿದ್ದರೆ, ಹರಿದುಬಂದದ್ದು ಹತ್ತಿರದ ರಾಜಕಾಲುವೆಗೋ ನಾಲೆಗೋ ಸೇರಿ ನದಿ ಮುಟ್ಟುತ್ತದೆ. ಬಡಾವಣೆಯೊಳಗಿನ ಖರ್ಚು ಕಟ್ಟಿದವನ ಲೆಕ್ಕದಲ್ಲಿದೆ, ಶುದ್ಧೀಕರಣ ಘಟಕದ ಖರ್ಚು ಸರ್ಕಾರದ ಲೆಕ್ಕದಲ್ಲಿದೆ. ಅಭಿವೃದ್ಧಿ ಶುಲ್ಕ ಮುಖ್ಯವಾಗಿ ಭರಿಸಬೇಕಾದದ್ದು ನಡುವಿನ ಈ ತುಂಡನ್ನೇ.

ಪ್ರತ್ಯೇಕ ಖಾತೆಯಲ್ಲಿಟ್ಟು, ಯಾವ ವಲಯದಿಂದ ಬಂದ ಹಣ ಯಾವ ಕಾಮಗಾರಿಗೆ ಹೋಯಿತೆಂದು ವರ್ಷಕ್ಕೊಮ್ಮೆ ಪ್ರಕಟಿಸುವುದು ಶುಲ್ಕವೆಂಬ ಹೆಸರನ್ನು ಉಳಿಸಿಕೊಳ್ಳಲು ಬೇಕಾದ ಕ್ರಮ. ಉಪಕರವನ್ನು ಪ್ರಾಧಿಕಾರ ಪಡೆದು ಸೇವೆಯನ್ನು ಪಾಲಿಕೆಯೋ ಮಂಡಳಿಯೋ ಕೊಡುವಲ್ಲಿ, ಹಣ ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗವಾದರಷ್ಟೇ ಈ ಸಂಬಂಧ ಪೂರ್ಣವಾಗುತ್ತದೆ.

ಇತರ ರಾಜ್ಯಗಳಲ್ಲಿ

ಹರಿಯಾಣದಲ್ಲಿ 1975ರ ಕಾಯಿದೆಯ ಕೆಳಗೆ ಬಾಹ್ಯ ಅಭಿವೃದ್ಧಿ ಶುಲ್ಕವೆಂಬ ಸ್ಪಷ್ಟ ಹೆಸರಿನ ವಸೂಲಿಯಿದ್ದು, ಬಡಾವಣೆಯ ಹೊರಗಿನ ನೀರು, ಒಳಚರಂಡಿ, ರಸ್ತೆಗಳ ವೆಚ್ಚ ಅದರಲ್ಲಿ ಸೇರುತ್ತದೆ. ಮಹಾರಾಷ್ಟ್ರ ತನ್ನ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಗೆ ಅಭಿವೃದ್ಧಿ ಶುಲ್ಕದ ಅಧ್ಯಾಯವನ್ನು ಸೇರಿಸಿತು. ತಮಿಳುನಾಡು ಬಹುಮಹಡಿ ಮತ್ತು ದೊಡ್ಡ ಕಟ್ಟಡಗಳಿಂದ ಮೂಲಸೌಕರ್ಯ ಶುಲ್ಕ ಪಡೆಯುತ್ತದೆ.

ಪ್ರಸ್ತುತ ಸ್ಥಿತಿ

ಶಿವಮೊಗ್ಗದಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಯೋಜನೆಯಡಿ ಹೊಸ ಕೊಳವೆಜಾಲ ಮತ್ತು ಮೀಟರುಗಳ ಅಳವಡಿಕೆ ವಲಯವಾರು ನಡೆದಿದೆ. ಮೀಟರು ಬಂದ ವಲಯಗಳಲ್ಲಿ ಮನೆಯೊಂದರ ನಿಜವಾದ ಬಳಕೆ ಮೊದಲ ಬಾರಿಗೆ ಅಳೆಯಲು ಸಿಗುವುದರಿಂದ, 135 ಲೀಟರಿನ ಪುಸ್ತಕದ ಪ್ರಮಾಣದ ಬದಲು ಸ್ಥಳೀಯ ಅಂಕಿಗಳ ಮೇಲೆ ಶುಲ್ಕ ಕಟ್ಟುವುದು ಸಾಧ್ಯವಾಗುತ್ತದೆ. 2023ರ ಫೆಬ್ರುವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಆ ದಿಕ್ಕಿನಲ್ಲಿ, ಹಾಗೂ ಮಾಚೇನಹಳ್ಳಿ–ನಿದಿಗೆಗಳ ಮೂಲಕ ಎರಡೂ ನಗರಗಳನ್ನು ಜೋಡಿಸುವ ಬಿ.ಎಚ್. ರಸ್ತೆಯ ಉದ್ದಕ್ಕೂ, ಭೂಮಿಗೆ ಬೇಡಿಕೆ ಏರಿದೆ. ಈ ಪಟ್ಟಿ ಪಾಲಿಕೆ, ನಗರಸಭೆ, ಪಂಚಾಯಿತಿಗಳ ಗಡಿಗಳನ್ನು ದಾಟುವುದರಿಂದ, ಒಬ್ಬರ ಶುಲ್ಕದಿಂದ ಇನ್ನೊಬ್ಬರ ಕೊಳವೆ ಹಾಕುವ ಪ್ರಶ್ನೆ ಇಲ್ಲಿ ಎಲ್ಲಕ್ಕಿಂತ ಮೊದಲು ಎದುರಾಗುತ್ತದೆ.

ವಿನ್ಯಾಸ ಅನುಮೋದನೆಯಿಲ್ಲದೆ ಮಾರಾಟವಾದ ಕಂದಾಯ ನಿವೇಶನಗಳು ಈ ಚೌಕಟ್ಟಿನ ಹೊರಗಿವೆ. ಅವು ಪ್ರಾಧಿಕಾರದ ಮುಂದೆ ಬರಲೇ ಇಲ್ಲವಾದ್ದರಿಂದ 18-ಎ ಉಪಕರವನ್ನಾಗಲಿ ಠೇವಣಿಯನ್ನಾಗಲಿ ಕೊಟ್ಟಿಲ್ಲ. ಆದರೂ ಅಲ್ಲಿ ಮನೆಗಳಿವೆ, ಬಳಕೆಯಿದೆ. ಅವನ್ನು ದಂಡ ಕಟ್ಟಿಸಿ ಸಕ್ರಮಗೊಳಿಸುವ ರಾಜ್ಯದ ಅಕ್ರಮ–ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2025ರಲ್ಲಿ ರಾಜ್ಯ ಸರ್ಕಾರ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಇಂಥ ಸ್ವತ್ತುಗಳಿಗೆ ಬಿ-ಖಾತೆ ನೀಡುವ ಅಭಿಯಾನ ಆರಂಭಿಸಿತು. ಬಿ-ಖಾತೆ ಆಸ್ತಿ ತೆರಿಗೆಯ ದಾಖಲೆ. ಅದು ವಿನ್ಯಾಸದ ಅನುಮೋದನೆಯೂ ಅಲ್ಲ, ನೀರಿನ ಯೋಜನೆಯ ಪಾಲು ಸಂದಾಯವಾದ ರಸೀದಿಯೂ ಅಲ್ಲ. ಇಂಥ ಮನೆಗಳಿಂದ ಬಂಡವಾಳ ವೆಚ್ಚದ ಪಾಲನ್ನು ಕೇಳಲು ಉಳಿದಿರುವ ಗಳಿಗೆ, ಅವು ನಲ್ಲಿಗೂ ಒಳಚರಂಡಿಗೂ ಅರ್ಜಿ ಹಾಕುವ ಗಳಿಗೆಯೊಂದೇ.